ಕೌದಿಯ ನಾಲ್ಕು ಬೆರಳು ಜಾಗ

ಕಳೆದ ಮಾಘಮಾಸದಲ್ಲಿ ಹಳಿಯಾಳ ತಾಲೂಕಿನ ಕಾಡಂಚಿನ ಹಳ್ಳಿಯೊಂದಕ್ಕೆ ಹೋದಾಗ, ಸಿದ್ದಿ ಮನೆತನವೊಂದರ ಜಗಲಿಯಲ್ಲಿ ನಾವು ಬಹಳ ಹೊತ್ತು ಕುಳಿತೆವು. ಆಫ್ರಿಕಾ ಮೂಲದ ಈ ಜನರ ಕೌದಿಯ ಹೊಲಿಗೆ ಮೂಲೆಯಿಂದ ಹೊರಟು, ಅಂಚನ್ನು ಸುತ್ತುತ್ತ ಸುತ್ತುತ್ತ ನಡುವಿಗೆ ಬಂದು ಮುಗಿಯುತ್ತದೆ. ಆ ಮನೆಯ ಅಜ್ಜಿಯ ಕೌದಿ ಮಾತ್ರ ಅರ್ಧಕ್ಕೇ ನಿಂತಿತ್ತು. ಕಣ್ಣು ಮಂಜಾಗಿತ್ತು. ಅದರೊಳಗಿನ ಸೀರೆಗಳು ತೀರಿಹೋದ ಮಗಳವು.

ಉಳಿದುದನ್ನು ಮೊಮ್ಮಗಳು ಹೊಲಿಗೆಯಂತ್ರದಲ್ಲಿ ಮುಗಿಸಲು ಹೊರಟಿದ್ದಳು. ಕೈಹೊಲಿಗೆಯಲ್ಲಿ ಬೆರಳು ಸುಕ್ಕನ್ನು ಸವರುತ್ತ ಸಾಗುತ್ತದೆ. ಯಂತ್ರಕ್ಕೆ ಆ ತಾಳ್ಮೆಯಿಲ್ಲ, ಮೇಲಿನ ಬಟ್ಟೆಯನ್ನು ತಳ್ಳಿ ನಡುವೆ ಉಬ್ಬಿಸಿಬಿಡುತ್ತದೆ. ಮೊದಲು ಹೊಲಿದುದನ್ನೆಲ್ಲ ಬಿಚ್ಚಬೇಕಾಯಿತಂತೆ. ಸೂಜಿಕಾಯಕದ ರಾಮಿತಂದೆಯನ್ನು ಸ್ಮರಿಸುವ ನಮಗೂ ಸೂಜಿಯ ಕೆಲಸದಲ್ಲಿ ಇಷ್ಟು ವಿಚಾರವಿದೆಯೆಂದು ತಿಳಿದಿರಲಿಲ್ಲ! ಬಳಿಕ ಅವಳು ಪದರಗಳನ್ನು ಉದ್ದನೆಯ ಕಚ್ಚಾ ಹೊಲಿಗೆಯಿಂದ ಬಂಧಿಸಿ, ನಡುವಿನಿಂದ ಹೊರಕ್ಕೆ ಯಂತ್ರ ನಡೆಸಿ, ಅಜ್ಜಿಯ ಹೊಲಿಗೆಗೆ ನಾಲ್ಕು ಬೆರಳು ಉಳಿದಿರುವಂತೆ ನಿಲ್ಲಿಸಿದಳು. ಸುಕ್ಕೆಲ್ಲ ಅಲ್ಲಿ ಕೂಡಿತ್ತು. ಮೊಮ್ಮಗಳು ದಾರ ಪೋಣಿಸಿಕೊಟ್ಟಳು. ಅಜ್ಜಿ ತಡವಿ ತಡವಿ, ಸವರಿ ಸವರಿ ಹೊಲಿದರು.

ಮೂಲೆಗಳಿಗೆ ಬಟ್ಟೆ ಮಡಿಚಿ ಹೊಲಿಯುವ ‘ಫುಲ’, ಅಂದರೆ ಹೂವು, ಬಾಕಿಯಿತ್ತು. ಅದಿಲ್ಲದ ಕೌದಿ ಬತ್ತಲೆಯೆಂಬುದು ಅವರ ಭಾವನೆ. ಅದನ್ನು ಮಾತ್ರ ಯಂತ್ರಕ್ಕೆ ಕೊಡಲು ಅಜ್ಜಿ ಒಪ್ಪಲಿಲ್ಲ.