ಬಾಣದ ಮೇಲೆ ಬರೆದದ್ದು

ಕುಲಶೇಖರ ಚೌಕಿಯಲ್ಲಿ ಬಸ್ಸಿಳಿದು ಒಳರಸ್ತೆಗೆ ತಿರುಗಿ. 2025ರ ಏಪ್ರಿಲ್‌ನ ಕೊನೆಯ ಶನಿವಾರ. ಗಂಟೆ ಸಂಜೆ ಆರೂವರೆ ಆದರೂ ಸೆಕೆ ಮಧ್ಯಾಹ್ನದ್ದೇ. ಬೆನ್ನ ಹಿಂದೆ ಮೂಡುಬಿದಿರೆ ಬಸ್ಸು ಹಾರ್ನು ಒತ್ತಿಹಿಡಿದೇ ಹೋಗುತ್ತದೆ, ಹಾಲಿನ ಟ್ಯಾಂಕರೊಂದು ಡೇರಿಯ ಕಡೆ ಹೊರಳುತ್ತದೆ. ಕೊರ್ಡೆಲ್ ಹೋಲಿ ಕ್ರಾಸ್ ಚರ್ಚಿನಿಂದ ಪೂಜೆ ಮುಗಿಸಿದವರು ಛತ್ರಿ ಮಡಚಿಕೊಂಡು ಬರುತ್ತಿದ್ದಾರೆ. ಮಳೆ ಬರುವುದೆಂದು ನಂಬಿ ತಂದ ಛತ್ರಿಗಳು ಅವು, ಮಳೆ ಬರಲಿಲ್ಲ.

ಮೂರನೆಯ ಗೇಟಿನ ಹಂಚಿನ ಮನೆಯ ಸಿಟೌಟಿನಲ್ಲಿ ಹುಡುಗಿಯೊಬ್ಬಳು ಕಾಲು ಮಡಚಿ ಕೂತಿದ್ದಾಳೆ. ಪಿಯು ಪರೀಕ್ಷೆ ಮುಗಿದಿದೆ, ಫಲಿತಾಂಶವೂ ಬಂದಾಗಿದೆ. ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು ಎಂದು ಪೇಪರಿನವರು ಸಂಭ್ರಮಪಟ್ಟೂ ಆಯಿತು. ಹದಿನಾರು, ಹದಿನೇಳಕ್ಕೆ ಸಿಇಟಿ ಕೂಡ ಕಳೆಯಿತು. ಉಳಿದದ್ದು ಮೇ 4ರ ನೀಟ್. ಅವಳ ಎದುರಿಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅತ್ತಿಗೆ. ಸಾಗರದಿಂದ ಈ ತುಳು ಮನೆಗೆ ಸೊಸೆಯಾಗಿ ಬಂದವರು, ಕೆಮಿಸ್ಟ್ರಿ ಎಂಎಸ್ಸಿ ಮಾಡಿದವರು. ಅವರಿಗಾಗಿ ಈ ಮನೆ ಸಂಜೆ ಹೊತ್ತು ಕನ್ನಡ ಮಾತಾಡುತ್ತದೆ.

"ಅತ್ತಿಗೆ, ಆರ್ಗ್ಯಾನಿಕ್ ಒಂದು ಬಿಟ್ಟರೆ ಆಗ್ತದಾ?"

"ಆಗ್ತದೆ. ಸೀಟೂ ಬಿಟ್ಟರೆ ಆಗ್ತದೆ."

ಹುಡುಗಿ ನಗುವುದಿಲ್ಲ. ಲೆಕ್ಕ ಅವಳಿಗೂ ಗೊತ್ತು. 180 ಪ್ರಶ್ನೆ, 180 ನಿಮಿಷ, 720 ಅಂಕ. ಹಿಂದಿನ ವರ್ಷದ ತನಕ ಕೆಲವು ಪ್ರಶ್ನೆ ಬಿಡುವ ಆಯ್ಕೆಯಿತ್ತು, ಈ ಸಲ ಅದನ್ನು ತೆಗೆದಿದ್ದಾರೆ. ಕೆಮಿಸ್ಟ್ರಿಯ 45ರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಆರ್ಗ್ಯಾನಿಕ್. ಸರಿಯಾದರೆ ನಾಲ್ಕು ಬರುತ್ತದೆ, ತಪ್ಪಿದರೆ ಒಂದು ಹೋಗುತ್ತದೆ.

ಅತ್ತಿಗೆ ರಫ್ ಪುಸ್ತಕ ಎಳೆದುಕೊಳ್ಳುತ್ತಾರೆ. 1-ಬ್ರೋಮೋಪ್ರೊಪೇನ್ ಎಂದು ಬರೆದು ಮೂರು ಬಾಣ ಹಾಕುತ್ತಾರೆ. ಮೊದಲನೆಯದರ ಮೇಲೆ ಆಲ್ಕೊಹಾಲಿಕ್ ಕೆಒಎಚ್, ಎರಡನೆಯದರ ಮೇಲೆ ಎಚ್‌ಬಿಆರ್, ಮೂರನೆಯದರ ಮೇಲೆ ಜಲೀಯ ಕೆಒಎಚ್. ಕೊನೆಗೆ ಬಂದ ವಸ್ತು ಅಯೊಡೋಫಾರ್ಮ್ ಪರೀಕ್ಷೆಯಲ್ಲಿ ಹಳದಿ ಪ್ರೆಸಿಪಿಟೇಟ್ ಕೊಡುತ್ತದೆಯೇ?

ನೀವು ಅವಳ ಪೆನ್ನನ್ನು ನೋಡಿ. ಅದು ಎಲ್ಲೂ ನಿಲ್ಲುವುದೇ ಇಲ್ಲ. ಬ್ರೋಮಿನ್ ಹೋಯಿತು, ಬ್ರೋಮಿನ್ ಬಂತು, ಆ ಜಾಗಕ್ಕೆ ಓಎಚ್ ಕೂತಿತು. "1-ಪ್ರೊಪನಾಲ್. ಅಯೊಡೋಫಾರ್ಮ್ ಬರುವುದಿಲ್ಲ."

"ನಾಲ್ಕು ಹೋಯ್ತು, ಮೇಲೊಂದೂ ಹೋಯ್ತು. ಎರಡನೇ ಬಾಣದ ಮೇಲೆ ಪೆರಾಕ್ಸೈಡ್ ಅಂತ ಬರ್ದಿದ್ದೇನಾ ನಾನು?"

ಬರೆದಿಲ್ಲ. ಪೆರಾಕ್ಸೈಡ್ ಇಲ್ಲದ ಎಚ್‌ಬಿಆರ್ ಪ್ರೊಪೀನಿಗೆ ಸೇರುವಾಗ ಬ್ರೋಮಿನ್ ತುದಿಗೆ ಹೋಗುವುದಿಲ್ಲ, ನಡುವಿನ ಕಾರ್ಬನ್‌ಗೆ ಹೋಗುತ್ತದೆ. ಹಾಗಾಗಿ ಬಂದದ್ದು 2-ಬ್ರೋಮೋಪ್ರೊಪೇನ್, ಅದರಿಂದ 2-ಪ್ರೊಪನಾಲ್. ಅದಕ್ಕೆ ಅಯೊಡೋಫಾರ್ಮ್ ಬಂದೇ ಬರುತ್ತದೆ. ಹುಡುಗಿಗೆ ಮಾರ್ಕೊವ್ನಿಕಾಫ್ ನಿಯಮ ಗೊತ್ತಿಲ್ಲವೆಂದಲ್ಲ, ನಿದ್ದೆಯಲ್ಲಿ ಕೇಳಿದರೂ ಹೇಳುತ್ತಾಳೆ. ಅವಳು ಬಾಣದ ಎಡಬಲ ನೋಡಿದಳು, ಬಾಣದ ಮೇಲೆ ನೋಡಲಿಲ್ಲ.

ನನ್ನ ಮಟ್ಟಿಗೆ ಈ ವಿಷಯದ ಅರ್ಧ ಅಂಕ ಇರುವುದು ಅಲ್ಲೇ. ಕೆಒಎಚ್ ನೀರಿನಲ್ಲಿದ್ದರೆ ಆಲ್ಕೊಹಾಲ್, ಆಲ್ಕೊಹಾಲಿನಲ್ಲಿದ್ದರೆ ಆಲ್ಕೀನ್. ಎಥನಾಲಿಗೆ ಸಲ್ಫ್ಯೂರಿಕ್ ಆಮ್ಲ ಹಾಕಿ 443 ಕೆಲ್ವಿನ್‌ಗೆ ಕಾಯಿಸಿದರೆ ಎಥೀನ್. ಅದೇ ಪಾತ್ರೆ, ಅದೇ ಆಮ್ಲ, ಉಷ್ಣತೆ 413ರಲ್ಲಿ ನಿಂತರೆ ಈಥರ್. ಟಾಲ್ವೀನಿಗೆ ಕ್ಲೋರಿನ್ ಬೆಳಕಿನಲ್ಲಿ ಸಿಕ್ಕರೆ ಬಾಲಕ್ಕೆ ಅಂಟುತ್ತದೆ, ಫೆರಿಕ್ ಕ್ಲೋರೈಡ್ ಜೊತೆ ಕತ್ತಲಲ್ಲಿ ಸಿಕ್ಕರೆ ಉಂಗುರಕ್ಕೆ. ಫೀನಾಲಿಗೆ ಬ್ರೋಮಿನ್ ನೀರು ಹಾಕಿದರೆ ಮೂರು ಬ್ರೋಮಿನ್ ಕೂತು ಬೆಳ್ಳಗೆ ತಳ ಸೇರುತ್ತದೆ, ಕಾರ್ಬನ್ ಡೈಸಲ್ಫೈಡಿನಲ್ಲಿ ತಣ್ಣಗೆ ಹಾಕಿದರೆ ಒಂದೇ ಕೂರುತ್ತದೆ. ಅತ್ತಿಗೆ ಇವನ್ನೆಲ್ಲ ಜೋಡಿ ಜೋಡಿಯಾಗಿ ಬರೆಸುತ್ತಿದ್ದಾರೆ, ಒಂದನ್ನು ಒಂಟಿಯಾಗಿ ಬರೆಯಲು ಬಿಡುವುದಿಲ್ಲ.

ಪಕ್ಕದಲ್ಲಿ ಸಂಬಂಧಿಕರ ಹುಡುಗನಿಂದ ತಂದ ದಪ್ಪ ಮಾಡ್ಯೂಲ್ ಇದೆ. ಅದರಲ್ಲಿ ಪಾಲಿಮರ್ ಪಾಠಕ್ಕೆ ಹಳದಿ ಹೈಲೈಟರ್ ಎಳೆದೂ ಇದೆ. 2024ರಿಂದ ಅದು ನೀಟ್ ಪಠ್ಯಕ್ರಮದಲ್ಲಿಲ್ಲ, ಪ್ರಯೋಗಾಲಯದ ಪರೀಕ್ಷೆಗಳಿಗೇ ಒಂದು ಪ್ರತ್ಯೇಕ ಘಟಕವಿದೆ. ಅತ್ತಿಗೆ ಆ ಪುಟಗಳನ್ನು ಕ್ಲಿಪ್ ಹಾಕಿ ಮುಚ್ಚುತ್ತಾರೆ. ಪಿಯು ಪಠ್ಯವೇ ಎನ್‌ಸಿಇಆರ್‌ಟಿ ಆಗಿರುವಾಗ ಕೊನೆಯ ವಾರದಲ್ಲಿ ಇನ್ನೊಂದು ಪುಸ್ತಕ ಬಿಡಿಸುವುದು ಭಯಕ್ಕೆ ಹೊರತು ಓದಿಗಲ್ಲ. ನಂತೂರಿನ ಫ್ಲೆಕ್ಸುಗಳಲ್ಲಿ ನಗುವ ರ‍್ಯಾಂಕ್ ಮುಖಗಳು ಮಾರುವುದೂ ಆ ಭಯವನ್ನೇ.

"ಅಮೈನ್ ಹೇಳು. ನೀರಿನಲ್ಲಿ ಬೇಸಿಸಿಟಿ."

"ಮೀಥೈಲಿಗೆ 213, ಈಥೈಲಿಗೆ 231." ಆಟೋ ನಂಬರ್ ಹೇಳಿದ ಹಾಗೆ ಹೇಳಿಬಿಡುತ್ತಾಳೆ. ಎರಡು ಮೀಥೈಲ್ ಇರುವ ಅಮೈನ್ ಎಲ್ಲಕ್ಕಿಂತ ಪ್ರಬಲ, ಆಮೇಲೆ ಒಂದರದ್ದು, ಕಡೆಗೆ ಮೂರರದ್ದು. ಈಥೈಲಿನಲ್ಲಿ ಕೊನೆಯೆರಡು ಅದಲುಬದಲು. ಎರಡರಲ್ಲೂ ಅಮೋನಿಯಾ ಎಲ್ಲರ ಹಿಂದೆ.

"ಯಾಕೆ?"

ಮೌನ. ಗುಂಪು ಹೆಚ್ಚಿದಂತೆ ನೈಟ್ರೋಜನ್‌ಗೆ ಎಲೆಕ್ಟ್ರಾನ್ ಹೆಚ್ಚು ಸಿಗುತ್ತದೆ, ಆದರೆ ನೀರು ಹತ್ತಿರ ಬಂದು ಹಿಡಿದುಕೊಳ್ಳಲು ಜಾಗ ಕಡಿಮೆಯಾಗುತ್ತದೆ, ಇವೆರಡರ ಎಳೆದಾಟದಲ್ಲಿ ಬಂದ ಅಂಕೆಗಳು ಇವು ಎಂದು ಅತ್ತಿಗೆ ಬಿಡಿಸಿ ಹೇಳುತ್ತಾರೆ. ಕೋಡು ಕೆಟ್ಟದ್ದಲ್ಲ. ಆದರೆ ಪ್ರಶ್ನೆಯಲ್ಲಿ 'ಅನಿಲ ಸ್ಥಿತಿಯಲ್ಲಿ' ಎಂಬ ಒಂದು ಮಾತು ನುಸುಳಿದರೆ ನೀರಿನ ಪಾತ್ರವೇ ಇಲ್ಲ. ಆಗ ಮೂರು ಗುಂಪಿನದ್ದೇ ಮುಂದೆ, ಕೋಡು ನಂಬಿದವಳು ಹಿಂದೆ.

ಒಳಗಿಂದ ಅಜ್ಜಿ ಚಾ ತರುತ್ತಾರೆ. ಲೋಟ ಕೊಡುವಾಗ ಅವರ ಬೆರಳ ತುದಿಗಳನ್ನು ನೋಡಿ, ಚರ್ಮ ಕಪ್ಪಿಟ್ಟು ದಪ್ಪಗಾಗಿದೆ. ಬೀಜದ ಫ್ಯಾಕ್ಟರಿಯಲ್ಲಿ ಗೇರುಬೀಜ ಒಡೆದ ಕೈ ಅದು.

"ಅಜ್ಜೀ, ಬೀಜ ಒಡೆಯುವಾಗ ಕೈಗೆ ಎಂತ ಹಾಕ್ತಿದ್ರಿ?"

"ಬೂದಿ. ಇಲ್ಲದಿದ್ದರೆ ಸಿಪ್ಪೆಯ ಎಣ್ಣೆ ಸುಡ್ತದಲ್ಲ ಮಗಾ."

ಅತ್ತಿಗೆ ಪುಸ್ತಕ ಬಿಟ್ಟು ನೇರ ಕೂರುತ್ತಾರೆ. ಆ ಎಣ್ಣೆಯಲ್ಲಿರುವುದು ಅನಾಕಾರ್ಡಿಕ್ ಆಮ್ಲ. ಬೆಂಜೀನ್ ಉಂಗುರ, ಅದಕ್ಕೊಂದು ಓಎಚ್, ಮಗ್ಗುಲಲ್ಲೇ ಕಾರ್ಬಾಕ್ಸಿಲಿಕ್ ಗುಂಪು, ಆ ಗುಂಪಿನ ಇನ್ನೊಂದು ಮಗ್ಗುಲಲ್ಲಿ 15 ಕಾರ್ಬನ್ನಿನ ಉದ್ದ ಬಾಲ. ಚರ್ಮ ಸುಡುವುದರಲ್ಲಿ ಇದರ ಪಾಲೂ ಇದೆ.

"ಬೂದಿಯಲ್ಲಿ ಎಂತ ಉಂಟು?"

"ಪೊಟ್ಯಾಶಿಯಂ ಕಾರ್ಬೊನೇಟ್."

"ಬರೀ ಫೀನಾಲಿಗೆ ಸೋಡಿಯಂ ಬೈಕಾರ್ಬೊನೇಟ್ ಹಾಕಿದರೆ ಗುಳ್ಳೆ?"

"ಬರುವುದಿಲ್ಲ. ಕಾರ್ಬಾಕ್ಸಿಲಿಕ್ ಆಮ್ಲಕ್ಕಾದರೆ ಬರ್ತದೆ. ಹಾಗಾದ್ರೆ ಅಜ್ಜಿಯ ಎಣ್ಣೆಗೆ ಬರ್ತದೆ!"

"ಬೀಜ ಹುರಿದರೆ ಆ ಆಮ್ಲ ಕಾರ್ಬನ್ ಡೈಆಕ್ಸೈಡ್ ಬಿಟ್ಟು ಕಾರ್ಡನಾಲ್ ಆಗ್ತದೆ. ಬಾಣದ ಮೇಲೆ ಎಂತ ಬರೀತಿ?"

"ತ್ರಿಕೋನ," ಎನ್ನುತ್ತಾಳೆ ಹುಡುಗಿ. ಬಿಸಿಗೆ ಹಾಕುವ ಗುರುತು. ಈ ಸಂಜೆ ಮೊದಲ ಸಲ ಅವಳು ಬಾಣದ ಮೇಲಿನದ್ದನ್ನು ತಾನಾಗಿ ಬರೆದಳು. ಅನಾಕಾರ್ಡಿಕ್ ಆಮ್ಲ ನೀಟ್‌ಗೆ ಬರುವಂಥದ್ದಲ್ಲ, ಫೀನಾಲಿಗೂ ಕಾರ್ಬಾಕ್ಸಿಲಿಕ್ ಆಮ್ಲಕ್ಕೂ ಇರುವ ವ್ಯತ್ಯಾಸ ಮಾತ್ರ ಬರುವಂಥದ್ದೇ.

ಎಸ್ಸೆಸ್ಸೆಲ್ಸಿ ಕನ್ನಡ ಮಾಧ್ಯಮದಲ್ಲಿ ಓದಿದ ಇವಳಂಥವರಿಗೆ ಇನ್ನೊಂದು ಮಾತು. ನೀಟ್ ಅರ್ಜಿ ತುಂಬುವಾಗ ಕನ್ನಡ ಆರಿಸಿದರೆ ಪ್ರಶ್ನೆಗಳು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುವ ಪುಸ್ತಿಕೆ ಸಿಗುತ್ತದೆ. ಎರಡರ ನಡುವೆ ವ್ಯತ್ಯಾಸ ಕಂಡರೆ ಇಂಗ್ಲಿಷಿನದ್ದೇ ಅಂತಿಮ. ಕನ್ನಡದಲ್ಲಿ ಓದಿ, ಅನುಮಾನ ಬಂದಾಗ ಇಂಗ್ಲಿಷ್ ಸಾಲಿಗೆ ಕಣ್ಣು ಹಾಯಿಸಿ. ರಾಸಾಯನಿಕಗಳ ಹೆಸರುಗಳನ್ನಂತೂ ಎರಡು ಲಿಪಿಯಲ್ಲೂ ಗುರುತು ಹಿಡಿಯುವ ಅಭ್ಯಾಸ ಈಗಲೇ ಮಾಡಿಕೊಳ್ಳಿ.

ಪರೀಕ್ಷೆ ಶುರುವಾಗುವುದು ಮಧ್ಯಾಹ್ನ 2ಕ್ಕೆ, ಗೇಟು ಮುಚ್ಚುವುದು 1.30ಕ್ಕೆ. ಬೂಟು ಬೇಡ, ಚಪ್ಪಲಿ ಸಾಕು. ತುಂಬುತೋಳಿನ ಅಂಗಿಯೂ ಬೇಡ. ಕುಲಶೇಖರದಿಂದ ಪೇಟೆ ಕಡೆ ಹೋಗುವವರು ಭಾನುವಾರವೆಂದು ನಂತೂರು ಸರ್ಕಲನ್ನು ನಂಬಬೇಡಿ, ಊಟ ಬೇಗ ಮುಗಿಸಿ ಹೊರಡಿ.