ರೊಟ್ಟಿ ಲೆಕ್ಕದ ಪಟ್ಟಿ

ನಮ್ಮ ಓಣ್ಯಾಗ ನಾಕು ಮನಿಗೆ ರೊಟ್ಟಿ ಬಡದು ಕೊಡೋ ಅಕ್ಕನ ಲೆಕ್ಕಾ ನಾನ ಬರಿತೀನಿ, ನಿಮಗ ಗೊತ್ತೈತಿ. ವಹ್ಯಾಗ ಮನಿಗೊಂದು ಸಾಲು. ರೊಟ್ಟಿ ಹೋದಾಗೊಮ್ಮೆ ಆ ಸಾಲಿನ್ಯಾಗ ಒಂದು ಅಂಕಿ. ಆದ್ರ ಎಲ್ಲಾರೂ ದಿನಾ ತಗೊಳ್ಳಂಗಿಲ್ರಿ. ಮೂಲಿಮನಿಯವ್ರಿಗೆ ಸೋಮವಾರ ಬ್ಯಾಡ, ಬೀಗರು ಬಂದ ಮನಿಗೆ ದಿನಕ್ಕ ಎರಡ ಸಲ ಬೇಕು. ಗೆರಿ ಹೊಡದಿಟ್ಟ ಹಾಳಿ ಒಬ್ಬರಿಗೆ ಸಾಲಂಗಿಲ್ಲ, ಇನ್ನೊಬ್ಬರದು ಖಾಲಿ ಬಿದ್ದಿರತೈತಿ.

ಸೂಟಿಗೆ ಬಂದ ಮಗಳು ಇದನ್ನ ಕಂಪ್ಯೂಟರಿನ್ಯಾಗ ಪೈಥಾನ್ ಭಾಷಾದಾಗ ಬರದು ಕೊಟ್ಲು. (ಹಾವಿಗೂ ಆ ಹೆಸರಿಗೂ ಸಂಬಂಧ ಇಲ್ಲಂತ, ಬ್ರಿಟನ್ನಿನ ಒಂದು ನಗಿ ಕಾರ್ಯಕ್ರಮದ ಹೆಸರಂತ ಅದು.) ಅದರಾಗ ಮೊದ್ಲ ಗೆರಿ ಹೊಡಿಯೋ ಕೆಲಸಾನ ಇಲ್ಲ. ಒಂದು ದೊಡ್ಡ ಪಟ್ಟಿ, ಅದರೊಳಗ ಮನಿಗೊಂದು ಸಣ್ಣ ಪಟ್ಟಿ. ‘ಅಪೆಂಡ್’ ಅಂದ್ರ ಆ ಮನಿ ಸಾಲಿನ ತುದಿಗೆ ಒಂದು ಅಂಕಿ ಸೇರತೈತಿ. ಒಂದು ಸಾಲು ಉದ್ದ, ಒಂದು ಗಿಡ್ಡ ಇದ್ರೂ ತಕರಾರಿಲ್ಲ. ಮೊದಲ್ನೇ ಮನಿಗೆ ಮಾತ್ರ ಸೊನ್ನೆ ಅನ್ಬೇಕು. ನಾಕು ಮನಿ ಇದ್ದಾಗ 4 ಅಂತ ಕೇಳಿದ್ರ ಅಂಥಾ ಮನೀನ ಇಲ್ಲ ಅಂತೈತಿ.

ಮಗಳು ಅವಸರದಾಗ ಒಂದು ಖಾಲಿ ಪಟ್ಟಿ ಬರದು, ಅದನ್ನ ನಾಕರಿಂದ ಗುಣಿಸಿದ್ಲು. ನೋಡಾಕ ನಾಕು ಸಾಲು ಬಂದ್ವು. ಮೂಲಿಮನಿಗೆ 20 ಹಾಕಿದ್ವಿ ನೋಡ್ರಿ, ನಾಕೂ ಮನ್ಯಾಗ 20! ಆಕಿ ಬಡದದ್ದು 20, ಲೆಕ್ಕದಾಗ 80. ಇದನ್ನ ಹಿಡ್ಕೊಂಡು ತಿಂಗಳ ಕಡೀಕ ದುಡ್ಡು ಕೇಳಾಕ ಹೋಗಿದ್ರ, ಪಾಪ, ಆಕಿಗೇ ಕಳ್ಳಿ ಅಂತಿದ್ರು. ಆಕಿ ಮಗನ ಕಾಲೇಜ ಫೀ ಇದರ ಮ್ಯಾಲೇ ನಿಂತೈತಿ.

ಯಾಕ ಹಿಂಗಂದ್ರ, ಗುಣಿಸಿದ್ರ ನಾಕು ಪಟ್ಟಿ ಹುಟ್ಟಂಗಿಲ್ಲಂತ. ಒಂದ ಬುಟ್ಟಿಗೆ ನಾಕು ಮನಿ ಹೆಸರಿನ ಚೀಟಿ ಅಂಟಿಸಿದಂಗ ಅದು. ಯಾವ ಚೀಟಿ ನೋಡಿ ರೊಟ್ಟಿ ಹಾಕಿದ್ರೂ ಬೀಳೋದು ಅದ ಬುಟ್ಟ್ಯಾಗ. ‘ಫಾರ್’ ಹಾಕಿ ನಾಕು ಸಲ ಸುತ್ತಿಸಿ, ಪ್ರತಿ ಸುತ್ತಿಗೂ ಹೊಸಾ ಖಾಲಿ ಪಟ್ಟಿ ಮಾಡಿಸಬೇಕು. ಹಂಗ ತಿದ್ದಿದ ಮ್ಯಾಲ ನಾನು ಒಂದ ಮನಿಗೆ 7 ಹಾಕಿ, ಉಳದ ಮೂರೂ ಖಾಲಿ ಅದಾವಿಲ್ಲೋ ನೋಡೇ ಬಿಟ್ಟೆ. ನೀವೂ ಭಿಶಿ ಲೆಕ್ಕಾ ಹಿಂಗ ಇಡೋರಿದ್ರ ಮೊದ್ಲ ಇಷ್ಟು ನೋಡ್ರಿ.

ವಹಿ ಇನ್ನೂ ಬಿಟ್ಟಿಲ್ಲ, ತಿಂಗಳ ಕಡೀಕ ಎರಡೂ ತಾಳಿ ಹಾಕಿ ನೋಡೋದೈತಿ. ಮ್ಯಾಲಿನ ಮನಿಗೆ ಹೊಸದಾಗಿ ಬಾಡಿಗಿ ಬಂದವ್ರು ತಮಗೂ ದಿನಾ 10 ಜ್ವಾಳದ ರೊಟ್ಟಿ ಬೇಕಂದಾರ. ಅವರಿಗೊಂದು ಖಾಲಿ ಪಟ್ಟಿ ಸೇರಿಸೀನಿ. ಐದನೇ ಮನಿ, ನಂಬರ್ 4.