ವೇಲ್ಸಿನ ಹಳ್ಳಿಯಲ್ಲಿ ನಮ್ಮ ಸಂಸಾರ

ಇಂಗ್ಲೆಂಡಿನ ಪಡುವಣಕ್ಕಿರುವ ವೇಲ್ಸ್ ಎಂಬ ಪುಟ್ಟ ನಾಡು ಬೆಟ್ಟ, ಮಳೆ, ಕುರಿ ಈ ಮೂರಕ್ಕೂ ಹೆಸರಾದುದು. ಅದರ ಬಡಗಣ ಭಾಗದಲ್ಲಿ ಸುಮಾರು 4 ಮೈಲಿ ಉದ್ದದ ಸರೋವರವೊಂದಿದೆ. ಡೀ ನದಿಯು ಅದನ್ನು ಹಾಯ್ದು ಹೊರಬೀಳುವೆಡೆಯಲ್ಲಿರುವ ಊರಿಗೆ ಬಾಲಾ ಎಂದು ಹೆಸರು. ಕೆರೆಯ ನೀರು ಹೊರಹರಿಯುವ ಸ್ಥಳವೆಂದು ಅಲ್ಲಿನ ಭಾಷೆಯಲ್ಲಿ ಅದಕ್ಕೆ ಅರ್ಥ. ಕನ್ನಡಿಗರು ಕೆರೆಯ ಬಾಲವೆಂದೇ ತಿಳಿದರೂ ತಪ್ಪಾಗದು. ಉದ್ಯೋಗನಿಮಿತ್ತವಾಗಿ ಸಾಗರದ ಸೀಮೆಯನ್ನು ಬಿಟ್ಟ ನಾವು ಈ ಊರಿನ ಸಮೀಪದ ಹಳ್ಳಿಯೊಂದರಲ್ಲಿ ಮನೆ ಹೂಡಿ ಮೂರು ವರ್ಷಗಳಾದುವು.

ಮಲೆನಾಡಿನವರಾದ ನಮಗೆ ಮಳೆಯು ಹೊಸದಲ್ಲ. ಆದರೆ ನಮ್ಮ ಮಳೆ ಅಬ್ಬರಿಸಿ ಬಂದು ಕಾಲ ಮುಗಿದೊಡನೆ ಹೊರಟುಹೋಗುವ ಅತಿಥಿ. ಇಲ್ಲಿಯದು ವರ್ಷವೆಲ್ಲ ಜಗಲಿಯ ಮೇಲೆ ಕುಳಿತಿರುವ ನೆಂಟ. ಹಪ್ಪಳ ಸಂಡಿಗೆಗಳ ಆಸೆಯನ್ನು ಮೊದಲ ವರ್ಷದಲ್ಲಿಯೇ ಬಿಟ್ಟೆವು. ಡಿಸೆಂಬರಿನಲ್ಲಿ ಸಂಜೆ 4 ಗಂಟೆಗೆ ದೀಪ ಹಚ್ಚಬೇಕು. ಜೂನಿನಲ್ಲಿ ರಾತ್ರಿ 10 ಗಂಟೆಯಾದರೂ ಬೆಳಕಿರುವುದರಿಂದ ಮಕ್ಕಳನ್ನು ಮಲಗಿಸುವುದೇ ಒಂದು ಸಾಹಸ. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ ಪಾಗಾರಗಳನ್ನೂ, ಮನೆಯ ಹೆಸರಿನಿಂದಲೇ ಜನರನ್ನು ಗುರುತಿಸುವ ವಾಡಿಕೆಯನ್ನೂ ಕಂಡಾಗ ಮಾತ್ರ ನಮ್ಮೂರೇ ನೆನಪಾಗುತ್ತಿತ್ತು.

ನಮ್ಮನ್ನು ನಿಜವಾಗಿ ಚಿಂತೆಗೀಡುಮಾಡಿದುದು ಮಗಳ ಶಾಲೆ. ಇಲ್ಲಿ ಚಿಕ್ಕ ಮಕ್ಕಳ ಪಾಠವೆಲ್ಲ ನಡೆಯುವುದು ವೆಲ್ಷ್ ಭಾಷೆಯಲ್ಲಿ. ಇಂಗ್ಲಿಷರ ರಾಜ್ಯಕ್ಕೆ ಹೋಗಿ ಕೂಸಿಗೆ ಇನ್ನಾವುದೋ ಭಾಷೆಯನ್ನು ಕಲಿಸುವುದೇಕೆಂದು ಊರಿನಿಂದ ಬಂಧುಗಳು ಕೇಳಿದರು. 2021ರ ಜನಗಣತಿಯ ಪ್ರಕಾರ ವೇಲ್ಸಿನಲ್ಲಿ ಈ ಭಾಷೆಯನ್ನು ಬಲ್ಲವರು ನೂರಕ್ಕೆ 18 ಮಂದಿ. ನಾವಿರುವ ಗ್ವಿನೆದ್ ಪ್ರಾಂತದಲ್ಲಿ 64 ಮಂದಿ. ಹತ್ತೊಂಬತ್ತನೆಯ ಶತಮಾನದಲ್ಲಿ ವೇಲ್ಸಿನ ಅನೇಕ ಶಾಲೆಗಳಲ್ಲಿ ತಾಯ್ನುಡಿಯಾಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ಕಟ್ಟುತ್ತಿದ್ದರಂತೆ. ಮತ್ತೊಬ್ಬನು ಹಾಗೆ ಮಾತನಾಡಿ ಸಿಕ್ಕಿಬಿದ್ದರೆ ಅದು ಅವನ ಕೊರಳಿಗೆ. ಸಂಜೆ ಯಾರ ಕೊರಳಲ್ಲಿರುವುದೋ ಅವನಿಗೆ ಪೆಟ್ಟು. ಇಷ್ಟನ್ನೂ ಸಹಿಸಿ ಉಳಿದು ಬಂದ ನುಡಿಯಿದು. ನಮ್ಮ ಮಗಳು ಆರು ತಿಂಗಳಲ್ಲಿ ಅದನ್ನು ನಿರಾಯಾಸವಾಗಿ ಆಡತೊಡಗಿ, ನಾವು ಅಂಗಡಿಯಲ್ಲಿ "ಬೋರೆ ದಾ" ಎಂದು ಮುಂಜಾನೆಯ ವಂದನೆ ಹೇಳಿದರೆ ಉಚ್ಚಾರವನ್ನು ತಿದ್ದುವಷ್ಟಾದಳು.

ಕಳೆದ ಬೇಸಗೆಯಲ್ಲಿ ನಮ್ಮ ಅತ್ತೆಯವರು ಆರು ತಿಂಗಳ ಮಟ್ಟಿಗೆ ಬಂದರು. ಮೊಮ್ಮಗಳು ಕನ್ನಡವನ್ನು ಮರೆತಾಳೆಂಬ ಅಳುಕು ಅವರಿಗೆ. ಒಂದು ದಿನ ನೆರೆಮನೆಯ ವೃದ್ಧೆಯೊಬ್ಬರು ನಮ್ಮನ್ನೆಲ್ಲ ಟ್ರುವೆರಿನ್ ಕಣಿವೆಯ ಜಲಾಶಯಕ್ಕೆ ಕರೆದೊಯ್ದರು. ಲಿವರ್‌ಪೂಲ್ ನಗರದ ನೀರಿಗಾಗಿ 1965ರಲ್ಲಿ ಅಲ್ಲಿ ಕಾಪೆಲ್ ಕೆಲಿನ್ ಎಂಬ ಹಳ್ಳಿಯು ಮುಳುಗಿತು. ಆಕೆ ಬಾಲ್ಯವನ್ನು ಕಳೆದುದು ಆ ಹಳ್ಳಿಯಲ್ಲಿ. ನೀರು ತೀರ ಇಳಿದಾಗ ಹಳೆಯ ಗೋಡೆಗಳ ಕುರುಹು ಕಾಣುವುದೆಂದು ಆಕೆ ತನ್ನ ಭಾಷೆಯಲ್ಲಿ ಹೇಳಿದುದನ್ನು ಮಗಳು ಅಜ್ಜಿಗೆ ಕನ್ನಡದಲ್ಲಿ ತಿಳಿಸಿದಳು. ಅತ್ತೆಯವರು ಬಹಳ ಹೊತ್ತು ಮಾತನಾಡಲಿಲ್ಲ. 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಲ್ಲಿ ಅವರ ತವರು ಹೋಗಿತ್ತು. "ನಮ್ಮಲ್ಲಿಯೂ ನೀರಿಳಿದರೆ ಮಡೆನೂರಿನ ಹಳೇ ಕಟ್ಟು ಮೇಲೇಳ್ತದೆ ಅಂತ ಹೇಳು, ಮಗಾ" ಎಂದರು. ಮಗು ಹೇಳಿತು. ಇಬ್ಬರು ಮುದುಕಿಯರೂ ಕೈಹಿಡಿದು ನೀರನ್ನೇ ನೋಡುತ್ತ ನಿಂತರು. ಇಂಗ್ಲಿಷ್ ಆ ಮಾತುಕತೆಗೆ ಬೇಕಾಗಲೇ ಇಲ್ಲ.

ಮಗುವಿಗೆ ಇಂಗ್ಲಿಷ್ ಹೇಗೂ ಬರುತ್ತದೆ. ಬೀದಿಯಿಂದಲೂ ಪುಸ್ತಕದಿಂದಲೂ ಅದು ತಾನಾಗಿಯೇ ಒಳಬರುವುದು. ಕನ್ನಡವಾದರೋ ನಾವು ಆಡಿದರೆ ಮಾತ್ರ ಉಂಟು. ಆದಕಾರಣ ಶಾಲೆಯಲ್ಲಿ ವೆಲ್ಷ್, ಹೊಸ್ತಿಲೊಳಗೆ ಕನ್ನಡ ಎಂದು ನಿಯಮ ಮಾಡಿಕೊಂಡಿದ್ದೇವೆ. ಅತ್ತೆಯವರು ಊರಿಗೆ ಹೊರಡುವ ಮುನ್ನ ಒಪ್ಪಿದರು. ಪರದೇಶದ ಹಳ್ಳಿಯಲ್ಲಿ ಸಂಸಾರ ಹೂಡುವ ನಮ್ಮ ಸೋದರ ಸೋದರಿಯರಿಗೂ ಇದನ್ನೇ ಹೇಳುತ್ತೇವೆ: ಆ ನೆಲದ ನುಡಿಯನ್ನು ಮಕ್ಕಳೊಡನೆ ನೀವೂ ಕಲಿಯಿರಿ, ಒಲೆಯ ಬಳಿ ನಿಮ್ಮದನ್ನು ಬಿಡದೆ ಆಡಿರಿ.